ಕಾಯದ ಬೀಜ

ಕಾರಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮೂರ ಕೆರೆ ಏರಿಯ ನೇರಳೆ ಮರದ ಕೆಳಗೆ ನೆಲವೇ ಕಾಣುವುದಿಲ್ಲ. ಕಾಲಿಟ್ಟಲ್ಲೆಲ್ಲ ಹಣ್ಣು ಜಜ್ಜಿ ಅಂಗಾಲು ನೀಲಿಯಾಗುತ್ತದೆ. ಮೂರು ವರ್ಷದ ಹಿಂದೆ ಆ ಮರದ ಬೀಜ ಆರಿಸಿ ತಂದು, ತೊಳೆದು, ಮೊರದಲ್ಲಿ ಹರಡಿ ವಾರವಿಡೀ ಬಿಸಿಲಿಗಿಟ್ಟೆ. ರಾಗಿಗೂ ಅವರೆಗೂ ಅಜ್ಜಿ ಮಾಡುತ್ತಿದ್ದದ್ದು ಹಾಗೆಯೇ: ಗಲಗಲ ಸದ್ದು ಬರುವಂತೆ ಒಣಗಿಸಿ, ಬೂದಿ ಬೆರೆಸಿ, ಮಡಕೆಯ ಬಾಯಿ ಕಟ್ಟುವುದು. ಆಗಸ್ಟಿನಲ್ಲಿ ಊರಿದ 40 ಬೀಜಗಳಲ್ಲಿ ಒಂದೂ ಮೊಳೆಯಲಿಲ್ಲ.

ನೇರಳೆ ಬೀಜ ಒಣಗಿದರೆ ಸಾಯುತ್ತದೆ. ಮಾವಿನ ಓಟೆ, ಹಲಸಿನ ಬೀಜದ ಸ್ವಭಾವವೂ ಅದೇ. ಒಡಲಲ್ಲಿ ನೀರಿರುವಷ್ಟು ದಿನ ಮಾತ್ರ ಅವುಗಳಿಗೆ ಜೀವ. ಹಣ್ಣಿನಿಂದ ಬಿಡಿಸಿದ ನೇರಳೆ ಬೀಜವನ್ನು ಹಾಗೇ ಇಟ್ಟರೆ ಎರಡು ವಾರದೊಳಗೆ ಮೊಳೆಯುವ ಶಕ್ತಿ ಹೊರಟುಹೋಗುತ್ತದೆ. ಅದಕ್ಕೇ ಇರಬೇಕು, ಮೃಗಶಿರ ಮಳೆ ನೆಲ ನೆನೆಸುವ ಹೊತ್ತಿಗೇ ಮರ ಹಣ್ಣುದುರಿಸುವುದು. ಬಾವಲಿ, ಪುನುಗಿನ ಬೆಕ್ಕು, ಕರಡಿ ತಿಂದು ಹೋದಲ್ಲೆಲ್ಲ ಬೀಜ ಬೀಳುವುದು ಹಸಿ ಮಣ್ಣಿಗೆ.

ಜೂನ್ 5ರ ಪರಿಸರ ದಿನಕ್ಕೆ ಮಕ್ಕಳು ಬೀಜದುಂಡೆ ಕಟ್ಟುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಹುಣಸೆ ಬೀಜವಾದರೆ ಸರಿ, ಅದು ವರ್ಷ ಕಾಯುತ್ತದೆ. ಹೋದ ವರ್ಷದ ನೇರಳೆ ಬೀಜವನ್ನು ಎಷ್ಟು ಶ್ರದ್ಧೆಯಿಂದ ಮಣ್ಣಲ್ಲಿ ಸುತ್ತಿದರೂ ಸತ್ತದ್ದು ಸತ್ತದ್ದೇ. ಆ ಮಕ್ಕಳಿಗೆ ಇದನ್ನು ಹೇಳಬೇಕು. ಎರಡು ವಾರ ತಡೆದು, ಹಣ್ಣು ತಿನ್ನಿಸಿ, ಉಗುಳಿದ ಬೀಜವನ್ನು ಅಲ್ಲೇ ಊರಿಸಬೇಕು.

ಈಗ ನಾನು ಹಣ್ಣು ತಿಂದ ದಿನವೇ ಬೀಜ ಊರುತ್ತೇನೆ. ತಾಯಿಬೇರು ನೆಟ್ಟಗೆ ಇಳಿಯುವುದರಿಂದ ಚೀಲ ಉದ್ದ ಇರಬೇಕು. ಗಿಡ್ಡ ಚೀಲದಲ್ಲಿ ಬೇರು ಸುರುಳಿ ಸುತ್ತುತ್ತದೆ. ಮರಳು ಬೆರೆಸಿದ ಕೆಂಪುಮಣ್ಣು, ಬೆರಳಿನ ಒಂದು ಗೆಣ್ಣಿನಷ್ಟು ಆಳ, ಅರೆನೆರಳು, ಅಷ್ಟೇ ಸಾಕು. ಎರಡು ಮೂರು ವಾರಕ್ಕೆ ಮಣ್ಣು ಬಿರಿಯುತ್ತದೆ. ಆಗ ನೋಡಬೇಕು: ಒಂದೇ ಬೀಜದಿಂದ ಎರಡು, ಕೆಲವೊಮ್ಮೆ ಮೂರು ಮೊಳಕೆ ಮೇಲೇಳುತ್ತವೆ. ನೇರಳೆ ಬೀಜದೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದುಂಟು. ಮೊದಲ ಸಲ ಕಂಡಾಗ ಎರಡು ಬೀಜ ಹಾಕಿದ್ದೆನೇನೋ ಎಂದು ಮಣ್ಣು ಕೆದಕಿ ನೋಡಿದ್ದೆ.

ಕಸಿ ಗಿಡ ಬೇಗ ಫಲ ಕೊಡುತ್ತದೆ, ನಿಜ. ಬೀಜದ ಗಿಡಕ್ಕೆ ಎಂಟು ಹತ್ತು ವರ್ಷ ಬೇಕು. ಆದರೂ ನನಗೆ ಬೀಜದ ಮರವೇ ಬೇಕು. ಒಂದು ಮರದ್ದು ಒಗರು, ಇನ್ನೊಂದರದ್ದು ಸಕ್ಕರೆ, ಮತ್ತೊಂದರಲ್ಲಿ ಬರೀ ಬೀಜ. ಯಾವ ಮರಕ್ಕೆ ಕಲ್ಲು ಹೊಡೆಯಬೇಕೆಂದು ನಮಗೆ ಚಿಕ್ಕಂದಿನಲ್ಲಿ ಗೊತ್ತಿತ್ತು.

ಕಳೆದ ಮಳೆಗಾಲದಲ್ಲಿ 11 ಸಸಿಗಳನ್ನು ಕೆರೆಯಂಚಿಗೆ ನೆಟ್ಟೆ. ಕೆಲಕಾಲ ನೀರು ನಿಂತರೂ ನೇರಳೆ ತಾಳಿಕೊಳ್ಳುತ್ತದೆ. ಏಳು ಉಳಿದಿವೆ. ಮೊನ್ನೆ ಹೋದಾಗ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರಿತ್ತು. ದನ ಬಾಯಿ ಹಾಕದಂತೆ ಸುತ್ತ ಜಾಲಿಮುಳ್ಳು ಕಟ್ಟಿ ಬಂದೆ.