ಯಾರ ಊರು?

ನಾನು ಬೆಳೆದದ್ದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ, ಈಗಿರುವುದು ಚೆನ್ನೈನಲ್ಲಿ. ನಮ್ಮ ಬೀದಿಯ ಕೊನೆಗೆ ಇಸ್ತ್ರಿ ಅಂಗಡಿ ಇಟ್ಟುಕೊಂಡ ಅಣ್ಣ ಒಬ್ಬರಿದ್ದಾರೆ. ಮೊದಲ ಸಲ ಬಟ್ಟೆ ಕೊಡಲು ಹೋದಾಗ ನನ್ನ ತಮಿಳು ಕೇಳಿ ನಕ್ಕು, "ಕೋಲಾರದ ಕಡೆಯವರಾ ಸಾರ್?" ಅಂತ ಕನ್ನಡದಲ್ಲೇ ಕೇಳಿದರು. ಅವರದು ಚಾಂಪಿಯನ್ ರೀಫ್. ತಾತ ಆರ್ಕಾಟಿನ ಕಡೆಯಿಂದ ಬಂದು ಗಣಿಗಿಳಿದವರು. ಅಪ್ಪನೂ ಇಳಿದರು, ಇವರೂ ಇಳಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

"ಅಲ್ಲಿ ನಮ್ಮನ್ನ ತಮಿಳ್ರು ಅಂತಿದ್ರು. ಇಲ್ಲಿ ಕರ್ನಾಟಕದವ್ರು ಅಂತಾರೆ." ದೂರುವ ದನಿಯೇನಲ್ಲ, ಕಾಲರಿಗೆ ನೀರು ಚಿಮುಕಿಸುತ್ತಾ ಹೇಳಿದರು.

ನನ್ನ ಅಪ್ಪ ಮೇಷ್ಟರು. ನಮ್ಮ ಮನೆಯವರ್ಯಾರೂ ಗಣಿಗೆ ಇಳಿದವರಲ್ಲ. ಆದರೂ "ಕೆಜಿಎಫ್ ನಮ್ಮೂರು" ಎಂದರೆ ನನ್ನನ್ನು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಮೂರು ತಲೆಮಾರು ಒಳಗೆ ದುಡಿದವರು ಉತ್ತರ ಕೊಡಬೇಕು. ಇದು ಯಾವ ನ್ಯಾಯ?

1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ಬೆಳೆದ ಊರು ಅದು. ಶಿವನಸಮುದ್ರದ ಕರೆಂಟು 1902ರಲ್ಲಿ ಅಲ್ಲಿಗೆ ಬಂತು, ಬೆಂಗಳೂರಿಗೆ 1905ರಲ್ಲಿ. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಒಳಗೆ ಬಂಡೆ ಸಿಡಿದರೆ ಪೇಟೆಯ ನಮ್ಮ ಅಡುಗೆಮನೆಯ ಪಾತ್ರೆ ಅಲುಗುತ್ತಿದ್ದವು. ಅಮ್ಮ "ಯಾವ ತಾಯಿಯ ಮಗನೋ" ಎಂದು ಒಂದು ಗಳಿಗೆ ಕೈ ನಿಲ್ಲಿಸಿ, ಮತ್ತೆ ಸೊಪ್ಪು ಬಿಡಿಸುತ್ತಿದ್ದಳು. ಅವಳ ಕೈಯಲ್ಲಿ ಎರಡು ಚಿನ್ನದ ಬಳೆ.

ಆಳಕ್ಕಿಳಿದಷ್ಟೂ ಖರ್ಚು ಏರಿತು, ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು. ಮುಚ್ಚಿದ್ದು ಲೆಕ್ಕದಲ್ಲಿ ಸರಿಯೇ ಇರಬಹುದು. ಲಾಭವಿದ್ದಾಗ ಅದು ಲಂಡನ್ನಿಗೂ ಹೋಯಿತು, ದೊಡ್ಡ ಊರುಗಳಿಗೂ ಹೋಯಿತು. ಸೈನೈಡ್ ದಿಬ್ಬಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಬೇಸಿಗೆಯ ಗಾಳಿಗೆ ಅದರ ಧೂಳು ಅಲ್ಲೇ ಉಳಿದವರ ಮನೆಗೆ ಬೀಳುತ್ತದೆ. ಚಿನ್ನ ಮುಗಿದರೆ ಋಣವೂ ಮುಗಿಯಿತು ಅನ್ನುವ ಲೆಕ್ಕವನ್ನು ನನಗೆ ಒಪ್ಪಲಾಗುತ್ತಿಲ್ಲ. ಬೆವರು ಸುರಿಸಿದವರದೇ ಊರು ಎಂದುಬಿಡೋಣವೆಂದರೆ, ಗಣಿಗೂ ಮುಂಚೆ ಅಲ್ಲಿ ರಾಗಿ ಬೆಳೆಯುತ್ತಿದ್ದವರು ನೆನಪಾಗುತ್ತಾರೆ. ಅವರನ್ನು ಕೇಳಿದವರ್ಯಾರು?

ಕಳೆದ ಯುಗಾದಿಗೆ ಊರಿಗೆ ಹೋಗಿ ಬಂದೆ. ಅಣ್ಣ ಕೇಳಿದರು, "ನಮ್ಮ ಲೈನ್ ಮನೆಗಳ ಕಡೆ ಹೋಗಿದ್ರಾ ಸಾರ್? ಬೇವಿನ ಮರ ಇದೆಯಾ?"

ಇಲ್ಲ, ಹೋಗಲಾಗಲಿಲ್ಲ ಅಂದೆ. ಪೇಟೆಯಲ್ಲಿ ಹದಿನೆಂಟು ವರ್ಷ ಇದ್ದಾಗಲೂ ಒಂದು ಸಲವೂ ಆ ಕಡೆ ಹೋದವನಲ್ಲ ಎಂಬುದನ್ನು ಹೇಳಲಿಲ್ಲ.