ಹರಕೆಯ ಬಾಕಿ

ಮಂಗಸೂಳಿಯ ಖಂಡೋಬನ ಗುಡಿಗೆ ಬರುವವರು ಎರಡು ಬಗೆಯಲ್ಲಿ ಕೊಡುತ್ತಾರೆ. ಹುಂಡಿಗೆ ಹಾಕುವುದು ಒಂದು. ಅದು ಅವರವರ ಮನಸ್ಸಿಗೆ ಬಿಟ್ಟದ್ದು, ಹಾಕದೆ ಹೋದರೂ ಕೇಳುವವರಿಲ್ಲ. ಇನ್ನೊಂದು ಹರಕೆ. ಕಷ್ಟ ಬಂದಾಗ ಬಾಯಿಬಿಟ್ಟು ಆಡಿದ ಮಾತು ಅದು. ಕಬ್ಬಿನ ಬಿಲ್ಲು ಬರಲಿಲ್ಲವೆಂದು ಒಂದು ವರ್ಷ ಮುಂದಕ್ಕೆ ಹಾಕಬಹುದೇ ಹೊರತು ನಮಗೆ ನಾವೇ ಮನ್ನಾ ಮಾಡಿಕೊಳ್ಳಲು ಬರುವುದಿಲ್ಲ. ಅಪ್ಪನಿಂದ ತೀರದಿದ್ದರೆ ಮಗ ಭಂಡಾರ ಹಾರಿಸಿ ತೀರಿಸುತ್ತಾನೆ.

ಮಾಜಿ ಸೈನಿಕರ ಪಿಂಚಣಿ, ಔಷಧದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ವ್ಯತ್ಯಾಸ ನೆನಪಾಗುತ್ತದೆ. ದೇಶ ಅವರಿಗೆ ಕೊಡುವುದು ಹರಕೆ. ನಾವು ಅದನ್ನು ಹುಂಡಿಯ ಕಾಣಿಕೆಯೆಂದು ಲೆಕ್ಕ ಬರೆಯುತ್ತಿದ್ದೇವೆ.

ಅಥಣಿ, ಕಾಗವಾಡದ ಕಡೆ ಕಟ್ಟೆಯ ಮೇಲೆ ಕೂತವರ ಮಾತು ಕೇಳಬೇಕು. "ಮಿಲ್ಟ್ರಿ ಮಂದೀಗೇನ್ ಕಮ್ಮಿ ಐತ್ರೀ? ಪುಕ್ಕಟ ದವಾಖಾನಿ, ಸೋವಿ ಕ್ಯಾಂಟೀನ, ಮ್ಯಾಲ ಪೆನ್ಶನ್." ಪುಕ್ಕಟೆ ಎಂಬುದು ಮೊದಲೇ ತಪ್ಪು. 2003ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆಯ ಹೆಸರಿನಲ್ಲೇ ವಂತಿಗೆಯ ಮಾತಿದೆ. 2017ರ ಕೊನೆಯಲ್ಲಿ ಪರಿಷ್ಕರಿಸಿದ ದರದಂತೆ, ಸಿಪಾಯಿಯಿಂದ ಹವಾಲ್ದಾರನವರೆಗಿನವರು ನಿವೃತ್ತಿಯಾಗುವಾಗ ಒಂದೇ ಗಂಟಿನಲ್ಲಿ 30,000 ರೂಪಾಯಿ ಕಟ್ಟಬೇಕು. ಪಿಂಚಣಿಯಂತೂ ದಯೆಯ ಮಾತೇ ಅಲ್ಲವೆಂದು ಸುಪ್ರೀಂ ಕೋರ್ಟು 1982ರ ನಾಕರಾ ಪ್ರಕರಣದಲ್ಲಿ ಹೇಳಿಯಾಗಿದೆ: ಅದು ದುಡಿದ ದುಡಿಮೆಯ ಉಳಿಕೆ. ನಾಲ್ಕು ದಶಕ ಕಳೆದರೂ ಆ ತೀರ್ಪು ನಮ್ಮ ಕಟ್ಟೆಯವರೆಗೆ ಬಂದಿಲ್ಲ.

ಕಟ್ಟೆಯ ಮಂದಿಯದು ಬಿಡಿ, ಸರ್ಕಾರದ ಕಾಗದಪತ್ರದಲ್ಲೂ ಇದೇ ಗೊಂದಲ. ಮೇಲಿನವರ ಆಜ್ಞೆ ಮೀರಿದ ಸಿಪಾಯಿಗೆ ಜೈಲು ಎಂದು ಹೇಳುವುದು ಸಂಸತ್ತು ಮಾಡಿದ 1950ರ ಸೈನ್ಯ ಕಾಯ್ದೆ. ಅವನ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲು ಸಂವಿಧಾನದ 33ನೇ ವಿಧಿಯೇ ದಾರಿ ಬಿಟ್ಟಿದೆ. ಅವನು ಸಂಘ ಕಟ್ಟುವಂತಿಲ್ಲ, ಮುಷ್ಕರ ಹೂಡುವಂತಿಲ್ಲ. ಇಷ್ಟೆಲ್ಲ ಕಾಯ್ದೆಯ ಬಲದಿಂದ. ಅದೇ ಮನುಷ್ಯ ಮನೆಗೆ ಬಂದ ಮೇಲೆ ಅವನ ಔಷಧೋಪಚಾರ ನಿಂತಿರುವುದು 2002ರ ಡಿಸೆಂಬರ್ 30ರ ಒಂದು ಸರ್ಕಾರಿ ಪತ್ರದ ಮೇಲೆ. 'ಒಂದು ಶ್ರೇಣಿ, ಒಂದು ಪಿಂಚಣಿ'ಗಾಗಿ 2015ರಲ್ಲಿ ಮುದುಕರು ಜಂತರ್ ಮಂತರ್‌ನಲ್ಲಿ ಉಪವಾಸ ಕೂತರು. ಬಂದದ್ದು ಅದೇ ವರ್ಷದ ನವೆಂಬರ್ 7ರ ಇನ್ನೊಂದು ಪತ್ರ. ಅದು ಸರಿಯಿಲ್ಲವೆಂದು ಕೋರ್ಟಿಗೆ ಹೋದರೆ, 2022ರ ಮಾರ್ಚಿನಲ್ಲಿ ಬಂದ ಉತ್ತರ: ಇದು ಸರ್ಕಾರದ ನೀತಿಯ ವಿಷಯ. ದುಡಿಸಿಕೊಳ್ಳುವುದಕ್ಕೆ ಕಾಯ್ದೆ, ಸಲಹುವುದಕ್ಕೆ ಪತ್ರ. ಪತ್ರ ಬರೆದ ಕೈಗೆ ಅದನ್ನು ತಿದ್ದುವುದು ಎಷ್ಟು ಹೊತ್ತಿನ ಕೆಲಸ?

ನಮ್ಮ ಹಳಬರು ಈ ವಿಷಯದಲ್ಲಿ ಹುಷಾರಾಗಿದ್ದರು. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಬದುಕಿ ಬಂದವನಿಗೂ ಇತ್ತು. ತಕ್ಕೋಲದ ಯುದ್ಧವಾದ ಮೇಲೆ ಗಂಗರ ಬೂತುಗ ತನ್ನ ಬಂಟ ಮಣಲೇರನಿಗೆ ಆತಕೂರು ಮೊದಲಾದ ಹನ್ನೆರಡು ಹಳ್ಳಿಗಳನ್ನೂ ಬೆಳ್ವೊಲದ ಒಂದು ಊರನ್ನೂ 'ಬಾಳ್ಗಚ್ಚು' ಕೊಟ್ಟ. ಕತ್ತಿ ತೊಳೆದು ಕೊಡುವ ದತ್ತಿ ಅದು. ಕ್ರಿ.ಶ. 949-50ರ ಆ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಕಣ್ಣು ಹೋಗುವುದು ಭೂಮಿಯ ಅಳತೆಯ ಕಡೆಗಲ್ಲ, ಇಂಥ ದತ್ತಿಗಳನ್ನು ಕಲ್ಲಿನಲ್ಲಿ ಕೊರೆಸಿದ ಎಚ್ಚರದ ಕಡೆಗೆ. ದತ್ತಿಶಾಸನಗಳ ಕೊನೆಗೆ ಶಾಪವೂ ಇರುತ್ತದೆ: ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಮುಂದೆ ಬರುವ ಅರಸನಿಗೆ ಲೋಭ ಹುಟ್ಟಬಹುದೆಂದು ಕೊಟ್ಟವನಿಗೇ ಗೊತ್ತಿತ್ತು. ತನ್ನ ವಂಶದ ಕೈಯನ್ನೂ ಅವನು ಕಟ್ಟಿಹಾಕಿದ. ಕಾಯ್ದೆ ಎಂದರೆ ಅದೇ.

ಮಾಜಿ ಸೈನಿಕರನ್ನು ಸಲಹುವುದಕ್ಕೂ ಕಾಯ್ದೆಯಾದರೆ ಏನು ಬದಲಾಗಬೇಕು? ಹಣಕ್ಕಿಂತ ಮೊದಲು, ಸಾಕ್ಷಿ ಹೇಳುವ ಭಾರ ಯಾರ ಹೆಗಲಿಗೆ ಎಂಬುದು. ಸಿಗ್ನಲ್ಸ್ ದಳದ ಧರ್ಮವೀರ ಸಿಂಗ್ ಎಂಬವರಿಗೆ ಸೇವೆಯಲ್ಲಿದ್ದಾಗ ಮೂರ್ಛೆರೋಗ ಕಾಣಿಸಿಕೊಂಡಿತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಅಂಗವೈಕಲ್ಯ ಪಿಂಚಣಿ ತಪ್ಪಿಸಿದರು. 2013ರಲ್ಲಿ ಸುಪ್ರೀಂ ಕೋರ್ಟು ಕೇಳಿದ್ದು ಸಾದಾ ಪ್ರಶ್ನೆ: ಸೇರಿಸಿಕೊಳ್ಳುವಾಗ ಪರೀಕ್ಷೆ ಮಾಡಿ ಗಟ್ಟಿಮುಟ್ಟಾಗಿದ್ದಾನೆಂದು ಬರೆದುಕೊಂಡವರು ನೀವೇ ಅಲ್ಲವೆ? ಹಾಗಾದರೆ ಆಮೇಲೆ ಬಂದ ರೋಗ ಸೇವೆಯಿಂದ ಬಂದದ್ದಲ್ಲವೆಂದು ತೋರಿಸಬೇಕಾದವರೂ ನೀವೇ. ಅಮೆರಿಕ 2022ರಲ್ಲಿ ಇದನ್ನೇ ಕಾಯ್ದೆಯಾಗಿ ಬರೆಯಿತು. ಇರಾಕ್, ಅಫ್ಘಾನಿಸ್ತಾನದಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗೆ ಮುಂದೆ ಕೆಲವು ಬಗೆಯ ಕ್ಯಾನ್ಸರ್, ಉಸಿರಾಟದ ರೋಗಗಳು ಬಂದರೆ, ಸೇವೆಯೇ ಕಾರಣವೆಂದು ಮೊದಲೇ ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಅದು ತೀರ್ಪಾಗಿಯೇ ಉಳಿದಿದೆ, ಒಬ್ಬೊಬ್ಬರೂ ಮತ್ತೆ ಕೋರ್ಟು ಹತ್ತಬೇಕು. ಕರ್ನಾಟಕ ಬರುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದ ಕೆಳಗೆ. ಕೃಷ್ಣೆಯ ದಂಡೆಯ ಕನ್ನಡಿಗನ ಮೊಣಕಾಲಿನ ವ್ಯಾಜ್ಯಕ್ಕೆ ಕೇರಳದ ಪೀಠ!

ಒಂದು ಆಕ್ಷೇಪಕ್ಕೆ ನಾನು ಸುಲಭವಾಗಿ ಉತ್ತರ ಕೊಡಲಾರೆ. ಉಗಾರದ ಕಾರ್ಖಾನೆಗೆ ಕಬ್ಬು ಕಡಿಯುವ ಗ್ಯಾಂಗಿನವರ ಸೊಂಟವೂ ನಲವತ್ತಕ್ಕೆ ಬೀಳುತ್ತದೆ. ಸಕ್ಕರೆ ತಿನ್ನುವ ದೇಶ ಅವರಿಗೆ ಏನೂ ಬಾಕಿ ಇಲ್ಲವೆ? ಇದೆ. ಆದರೆ ಕಬ್ಬಿನವನು, ಮೈ ಒಪ್ಪದ ದಿನ, ಹೊಟ್ಟೆ ಕಟ್ಟಿಕೊಂಡಾದರೂ ಕೊಯಿತಾ ಕೆಳಗಿಡಬಲ್ಲ. ಬಡತನ ಅವನನ್ನು ಬಿಡದಿರಬಹುದು, ಕಾನೂನು ಹಿಡಿಯುವುದಿಲ್ಲ. ಸೈನಿಕನಿಗೆ 'ಒಲ್ಲೆ' ಎಂಬ ಮಾತೇ ಅಪರಾಧ. ಒಲ್ಲೆನೆನ್ನುವ ಹಕ್ಕನ್ನು ಕಸಿದುಕೊಂಡವರು ಆ ಮೈಗೆ ಆದದ್ದಕ್ಕೆಲ್ಲ ಹೊಣೆ ಹೊರಬೇಕು. ಇಬ್ಬರಲ್ಲಿ ಯಾರು ದೊಡ್ಡವರೆಂಬ ಪ್ರಶ್ನೆ ಇಲ್ಲಿಲ್ಲ. ಗಡಿಯಲ್ಲಿ ನಿಂತವನೇ ಶ್ರೇಷ್ಠನೆಂಬ ಭಾಷಣಗಳೂ ನನಗೆ ಬೇಸರ ತರಿಸಿವೆ. ಹೂವಿನ ಹಾರ ಹಾಕುವವರಿಗೆ ಕಾಯ್ದೆ ಬೇಡ, ಹಾರದಲ್ಲೇ ಅವರ ಲೆಕ್ಕ ಚುಕ್ತಾ.

ಖರ್ಚಿನ ಮಾತು ಸುಳ್ಳಲ್ಲ. 2025-26ರ ರಕ್ಷಣಾ ಬಜೆಟ್ಟಿನ 6.81 ಲಕ್ಷ ಕೋಟಿ ರೂಪಾಯಿಯಲ್ಲಿ ಪಿಂಚಣಿಗೇ ಸುಮಾರು 1.61 ಲಕ್ಷ ಕೋಟಿ. ಈ ಹೊರೆ ಇಳಿಸಲು ಹೊರಟದ್ದರಲ್ಲಿ 2022ರ ಅಗ್ನಿಪಥ ನೇಮಕಾತಿ ಯೋಜನೆಯೂ ಒಂದೆಂದು ನನ್ನ ಎಣಿಕೆ. ನಾಲ್ಕು ವರ್ಷ ಸೇವೆ. ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಮುಂದುವರಿಕೆ. ಉಳಿದವರಿಗೆ ಸೇವಾನಿಧಿಯ ಸುಮಾರು 11.71 ಲಕ್ಷ ರೂಪಾಯಿಯ ಗಂಟು. ಪಿಂಚಣಿಯಿಲ್ಲ, ಇಸಿಎಚ್‌ಎಸ್ ಇಲ್ಲ, ಮಾಜಿ ಸೈನಿಕ ಎಂಬ ಹೆಸರೂ ಇಲ್ಲ. ಹರಕೆ ಭಾರವಾಯಿತೆಂದು ಹರಕೆ ಹೊರುವುದನ್ನೇ ಬಿಟ್ಟ ಜಾಣತನ ಇದು. ಕೆಲಸ ಮಾತ್ರ ದೇವರ ಹತ್ತಿರ ಮೊದಲಿನಷ್ಟೇ ಕೇಳುತ್ತಿದ್ದೇವೆ. ಮೊದಲ ತಂಡದವರ ನಾಲ್ಕು ವರ್ಷ ತುಂಬುವುದು 2026-27ರ ಹೊತ್ತಿಗೆ. ಆಗ ಅವರಿಗೆ ಇಪ್ಪತ್ತೈದರ ಆಚೀಚೆ ವಯಸ್ಸು. ಹಿಮದಲ್ಲಿ ನಿಂತ ಕಾಲು ನೋಯಲು ಶುರುವಾಗುವುದು ನಲವತ್ತಕ್ಕೆ. ಅಂದು ಮಂಗಸೂಳಿಯವನೊಬ್ಬ ಎಕ್ಸ್‌ರೇ ಹಿಡಿದು ಮೀರಜಿನ ಬಸ್ಸು ಹತ್ತಿದರೆ, ಆಸ್ಪತ್ರೆಯ ಯಾವ ಕಿಟಕಿಯ ಮುಂದೆ ಸಾಲು ನಿಲ್ಲಬೇಕು?