ಕೊಲ್ಲುವದಕ್ಕೆ ತಕ್ಕ ಸಮಯ ಯಾವದು?

ಪೈರಿನಲ್ಲಿ ಹುಳ ಕಂಡೊಡನೆ ವಿಷ ಸಿಂಪಡಿಸುವದು ಜಾಣತನವೋ, ಇಲ್ಲವೆ ಕಾದು ನೋಡುವದು ಜಾಣತನವೋ? ಇದು ಬೇಸಾಯಗಾರನ ಲೆಕ್ಕ ಮಾತ್ರವಲ್ಲ, ಮನಸ್ಸಾಕ್ಷಿಯ ಪ್ರಶ್ನೆಯೂ ಆಗಿದೆ. ಇದನ್ನು ವಿಚಾರಿಸುವದಕ್ಕೆ ಕೆನಡಾ ದೇಶದ ಒಂದು ದೃಷ್ಟಾಂತವನ್ನು ತಕ್ಕೊಳ್ಳೋಣ.

ಆ ದೇಶದ ಮ್ಯಾನಿಟೋಬಾ, ಸಸ್ಕಾಚೆವಾನ್, ಆಲ್ಬರ್ಟಾ ಎಂಬ ಸೀಮೆಗಳ ಬಯಲುಗಳಲ್ಲಿ, ನಮ್ಮ ಸಾಸಿವೆಯ ಕುಲಕ್ಕೆ ಸೇರಿದ ಕ್ಯಾನೋಲಾ ಎಂಬ ಎಣ್ಣೆಬೆಳೆಯನ್ನು ಹೆಚ್ಚಾಗಿ ಮೇ ತಿಂಗಳಲ್ಲಿ ಬಿತ್ತುತ್ತಾರೆ. ಮೊಳಕೆಯು ತನ್ನ ಎರಡು ಬೀಜದೆಲೆಗಳನ್ನು ಬಿಚ್ಚುವಷ್ಟರಲ್ಲಿ, ಚಳಿಗಾಲವನ್ನು ತರಗೆಲೆಗಳ ಕೆಳಗೆ ಕಳೆದ ಚಿಗಟ ಜೀರುಂಡೆಗಳು ಹೊಲದ ಅಂಚುಗಳಿಂದ ಒಳಗೆ ನುಗ್ಗುತ್ತವೆ. 2-3 ಮಿಲಿಮೀಟರು ಉದ್ದದ ಈ ಹುಳವು ಮುಟ್ಟಿದರೆ ಚಿಗಟದಂತೆ ಹಾರುವದು, ಎಲೆಯಲ್ಲಿ ಸಣ್ಣ ಸಣ್ಣ ಕುಳಿಗಳನ್ನು ಕೊರೆಯುವದು. ಬೀಜಕ್ಕೆ ಮುಂಚೆಯೇ ಲೇಪಿಸಿದ ಔಷಧವು ಬಿತ್ತಿದಂದಿನಿಂದ ಸುಮಾರು 3-4 ವಾರ ಪೈರನ್ನು ಕಾಯುತ್ತದೆ. ಚಳಿಯಿಂದ ಬೆಳವಣಿಗೆ ತಡವಾದಲ್ಲಿ ಆ ಕಾವಲು ನಡುವೆಯೇ ತೀರಿಹೋಗುವದು.

ಅಲ್ಲಿಯ ಕೃಷಿಪಂಡಿತರು ಇಟ್ಟ ಅಳತೆ ಹೇಗಂದರೆ, ಎಲೆಗಳ ಹರವಿನಲ್ಲಿ ಸರಾಸರಿ ನೂರಕ್ಕೆ 25 ಪಾಲು ತಿಂದುಹೋಗಿ, ಹುಳಗಳು ಇನ್ನೂ ತಿನ್ನುತ್ತಲಿದ್ದರೆ ಸಿಂಪಡಿಸಬೇಕು. ನಷ್ಟವು ಖರ್ಚನ್ನು ಮೀರುವದಾದರೋ ಸುಮಾರು 50 ಪಾಲು ಹೋದಾಗಲೇ. ಹಾಗಾದರೆ 25 ಯಾಕೆ? ಬಿಸಿಲೇರಿ ಗಾಳಿ ನಿಂತ ಒಣ ದಿನಗಳಲ್ಲಿ ಈ ಹುಳವು ಬಹು ಬೇಗ ತಿನ್ನುವದರಿಂದ, 50ಕ್ಕೆ ಕಾದವನು ಯಂತ್ರವನ್ನು ಹೊಲಕ್ಕೆ ತರುವಷ್ಟರಲ್ಲಿ ಪೈರು ಹೋಗಿರುವದು. ಆದಕಾರಣ ಈ ಎರಡು ಅಂಕೆಗಳ ನಡುವಣ ಅಂತರವು ಮನುಷ್ಯನ ನಿಧಾನಕ್ಕಾಗಿ ಬಿಟ್ಟ ಅವಕಾಶವಾಗಿದೆ. ಪೈರು 3-4 ಎಲೆ ಬಿಟ್ಟ ಮೇಲೆ ಸಾಧಾರಣವಾಗಿ ತಾನೇ ತಾಳಿಕೊಳ್ಳುವದು.

ಮೊದಲೇ ಎಲ್ಲವನ್ನೂ ಕೊಂದರೆ ಚಿಂತೆಯೇ ಇಲ್ಲವಲ್ಲಾ ಎಂದು ಕೆಲವರು ಹೇಳಾರು. ಆದರೆ ವಿಷಕ್ಕೆ ಶತ್ರುಮಿತ್ರರ ಭೇದ ತಿಳಿಯದು. ಹುಳಗಳನ್ನು ಹಿಡಿದು ತಿನ್ನುವ ಜೇಡಗಳೂ ಅದರಿಂದ ಸಾಯುವವು. ಇದಲ್ಲದೆ, ಒಂದೇ ತರದ ವಿಷವನ್ನು ಪದೇಪದೇ ಹೊಡೆದರೆ ಅದಕ್ಕೆ ಜಗ್ಗದ ಹುಳಗಳೇ ಉಳಿದು ಸಂತಾನ ಬೆಳೆಸುವವು. ಇಂಗ್ಲೆಂಡಿನಲ್ಲಿ ಇಂಥದೇ ಎಣ್ಣೆಬೆಳೆಯನ್ನು ತಿನ್ನುವ ಮತ್ತೊಂದು ಜಾತಿಯ ಚಿಗಟ ಜೀರುಂಡೆಯು ಪೈರಿಥ್ರಾಯ್ಡ್ ಎಂಬ ವಿಷಗಳಿಗೆ ಹೀಗೆಯೇ ಒಗ್ಗಿಹೋಗಿದೆ. ಅಂದ ಮೇಲೆ, ನೆರೆಯವನಿಗೆ ನಾಳೆ ಬೇಕಾಗುವ ಔಷಧದ ಬಲವನ್ನು ನಾವು ಇಂದಿನ ನಮ್ಮ ಹೆದರಿಕೆಗಾಗಿ ಕಳೆದ ಹಾಗಾಗುವದು.

ಹಾಗೆಂದು, ಹುಳಕ್ಕೆ ದಯೆ ತೋರಿಸುವೆನೆಂದು ಹೇಳಿ ಹೊಲದ ಕಡೆಗೆ ಹೋಗದೆ ಕೂತವನನ್ನೂ ನಾವು ಹೊಗಳಲಾರೆವು. ಆ ಪೈರಿನಲ್ಲಿ ಅವನ ಮಕ್ಕಳ ಅನ್ನವೂ ತೀರಿಸಬೇಕಾದ ಸಾಲವೂ ಉಂಟು. ತಾಳ್ಮೆಯೂ ಸೋಮಾರಿತನವೂ ದೂರದಿಂದ ನೋಡುವವರಿಗೆ ಒಂದೇ ತರ ಕಾಣುತ್ತವೆ. ಇವುಗಳನ್ನು ಬೇರ್ಪಡಿಸುವ ಗುರುತು ಒಂದೇ: ತಾಳ್ಮೆಯುಳ್ಳವನು ದಿನಾಲು ಹೋಗಿ ಬಗ್ಗಿ ನೋಡುತ್ತಾನೆ. ಅಂಚನ್ನು ಮಾತ್ರವಲ್ಲ, ನಡುವನ್ನೂ ನೋಡುತ್ತಾನೆ. ಚಳಿಗಾಳಿಯ ದಿನ ಹುಳವು ಎಲೆಯ ಅಡಿಯಲ್ಲಿ ಅಡಗಿ ದಂಟನ್ನು ಕಡಿಯುವದರಿಂದ ಅಲ್ಲಿಯೂ ಹುಡುಕುತ್ತಾನೆ. ಕೇಡು ಅಂಚಿನಲ್ಲಿ ಮಾತ್ರ ಇದ್ದರೆ ಅಂಚಿಗೆ ಮಾತ್ರ ಸಿಂಪಡಿಸಿ ಮಿಕ್ಕದ್ದನ್ನು ಬಿಡುತ್ತಾನೆ.

ಹೀಗಿರಲಾಗಿ ನಾವು ತಿಳುಕೊಳ್ಳತಕ್ಕದ್ದೇನಂದರೆ, ಕೊಲ್ಲಬೇಕಾದರೆ ಕಂಡು ಕೊಲ್ಲಬೇಕು, ಬಿಡಬೇಕಾದರೂ ಕಂಡೇ ಬಿಡಬೇಕು. ಕಾಣದೆ ಹೊಡೆದವನೂ ಕಾಣದೆ ಬಿಟ್ಟವನೂ ತನ್ನ ವಶಕ್ಕೆ ಬಂದ ಭೂಮಿಯ ವಿಷಯದಲ್ಲಿ ಒಂದೇ ಕರ್ತವ್ಯಕ್ಕೆ ತಪ್ಪಿದವರು.